ಮಹಾಕೂಟದಲ್ಲಿ ಇಲ್ಲದ ಕಂಬ, ಹಂದಿಗಳು ತಿದ್ದಿದ ಗೋಡೆ

ಈ ಕಂತಿನ ಮೊದಲ ಭಾಗದಲ್ಲಿ ಹಿಂದುಗಡೆ ಧಬ್ ಧಬ್ ಅಂತ ಸದ್ದು ಕೇಳಿಸುತ್ತೆ. ಅದು ನಿಮ್ಮ ಇಯರ್‌ಫೋನಿನ ತೊಂದರೆ ಅಲ್ಲ. ಮಹಾಕೂಟದ ಹೊಂಡಕ್ಕೆ ಹುಡುಗರು ಮೇಲಿನಿಂದ ಹಾರುತ್ತಿರುವ ಸದ್ದು. ನಾನು ಪಾವಟಿಗೆ ಮೇಲೆ ಕೂತು ಫೋನಿನಲ್ಲೇ ರೆಕಾರ್ಡ್ ಮಾಡಿದ್ದೇನೆ. ಬಾದಾಮಿಯ ಪಕ್ಕದಲ್ಲೇ, ಗುಡ್ಡಗಳ ನಡುವೆ ಇರೋ ಜಾಗ ಇದು. ಬುಗ್ಗೆ ನೀರಿನ ಹೊಂಡ, ಹೊಂಡದೊಳಗೆ ನಾಲ್ಕು ಮುಖದ ಲಿಂಗದ ಪುಟ್ಟ ಮಂಟಪ, ಸುತ್ತ ಚಾಲುಕ್ಯರ ಕಾಲದ ಗುಡಿಗಳು.

ನನ್ನ ಜೊತೆ ಅಕ್ಕನ ಮಗ ಇದ್ದ. ಡಿಗ್ರಿ ಓದ್ತಾನೆ. ಇಂಗ್ಲಿಷ್ ಪೇಪರಿಗೆ ಜಾರ್ಜ್ ಆರ್ವೆಲ್ ಬರೆದ ‘ಅನಿಮಲ್ ಫಾರ್ಮ್’ ಇದೆಯಂತೆ. ಗುಡಿ ನೋಡೋಕೆ ಬಂದವನು ಕೈಯಲ್ಲಿ ಗೈಡ್ ಹಿಡಿದುಕೊಂಡೇ ಬಂದಿದ್ದ. ಗೈಡಿನಲ್ಲಿ ಒಂದು ಕೋಷ್ಟಕ. ನೆಪೋಲಿಯನ್ ಅನ್ನೋ ಹಂದಿ ಅಂದ್ರೆ ಸ್ಟಾಲಿನ್. ಸ್ನೋಬಾಲ್ ಅನ್ನೋ ಹಂದಿ ಅಂದ್ರೆ ಟ್ರಾಟ್‌ಸ್ಕಿ. ಬಾಕ್ಸರ್ ಅನ್ನೋ ಕುದುರೆ ಅಂದ್ರೆ ಕಾರ್ಮಿಕ ವರ್ಗ.

“ಮಾಮಾ, ಇದೊಂದು ಬಾಯಿಪಾಠ ಆದ್ರ ಸಾಕು, ಹತ್ತು ಮಾರ್ಕ್ಸ್ ಗ್ಯಾರಂಟಿ,” ಅಂದ.

“ಕತಿ ಓದೀಯೇನು?”

“ಸಮ್ಮರಿ ಓದೀನಿ.”

ನಾನು ಬೈಲಿಲ್ಲ. ನಾನೂ ಹಂಗೇ ಪಾಸಾದವನು. ಆದರೆ ಆ ಕೋಷ್ಟಕ ನೋಡಿದಾಗ ಒಂದು ಮಾತು ಹೊಳೆಯಿತು. ಆ ಕಥೆಯಲ್ಲಿ ನಿಜವಾಗಿ ಹೆದರಿಕೆ ಹುಟ್ಟಿಸೋದು ಯಾವ ಹಂದಿ ಯಾರು ಅನ್ನೋದಲ್ಲ. ಒಂದು ಗೋಡೆ. ಅದರ ಮೇಲಿನ ಬರಹ. ಮತ್ತೆ ಅಂಥದ್ದೇ ಒಂದು ಬರಹದ ಕಥೆ ನಾವು ಕೂತ ಜಾಗದಲ್ಲೇ ಇತ್ತು, ಅದೂ ಸುಮಾರು 1,400 ವರ್ಷ ಹಿಂದಿನದು. ಇವತ್ತು ಅದನ್ನೇ ಹೇಳ್ತೀನಿ.

ಮೊದಲು ಹಂದಿಗಳ ಗೋಡೆ. ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಒಂದು ತೋಟದಲ್ಲಿ ಪ್ರಾಣಿಗಳು ಕುಡುಕ ಯಜಮಾನನನ್ನು ಓಡಿಸುತ್ತವೆ. ಇನ್ನು ಮೇಲೆ ಎಲ್ಲರೂ ಸಮಾನರು ಅಂತ ನಿಶ್ಚಯಿಸಿ, ಕೊಟ್ಟಿಗೆಯ ಗೋಡೆಗೆ ಬಿಳಿ ಬಣ್ಣದಲ್ಲಿ ಏಳು ನಿಯಮ ಬರೆಯುತ್ತವೆ. ಓದು ಬರಹ ಚೆನ್ನಾಗಿ ಕಲಿತದ್ದು ಹಂದಿಗಳು, ಹಾಗಾಗಿ ಆಡಳಿತ ಹಂದಿಗಳದ್ದು. ಮೊದಲು ಹಾಲು ಮತ್ತು ಸೇಬು ಹಂದಿಗಳಿಗೆ ಮಾತ್ರ ಅಂತಾಗುತ್ತೆ. ಆಮೇಲೆ ಹಂದಿಗಳು ಮನುಷ್ಯರ ಮಂಚದ ಮೇಲೆ ಮಲಗುತ್ತವೆ, ಹೆಂಡ ಕುಡಿಯುತ್ತವೆ, ಎದುರು ಮಾತಾಡಿದವರನ್ನು ಕೊಲ್ಲಿಸುತ್ತವೆ. ಪ್ರತಿ ಸಲವೂ ಯಾರೋ ಒಬ್ಬರಿಗೆ ಅನುಮಾನ ಬರುತ್ತೆ: ಇದು ನಿಯಮಕ್ಕೆ ವಿರುದ್ಧ ಅಲ್ವಾ? ಗೋಡೆ ಹತ್ತಿರ ಹೋಗಿ ನೋಡಿದರೆ ನಿಯಮದ ಕೊನೆಗೆ ಒಂದೆರಡು ಪದ ಹೆಚ್ಚಾಗಿರುತ್ತೆ. ಕೊಲ್ಲಬಾರದು ಅನ್ನೋದು ಕಾರಣವಿಲ್ಲದೆ ಕೊಲ್ಲಬಾರದು ಅಂತಾಗಿರುತ್ತೆ. ‘ಓ, ನಮಗೇ ನೆನಪಿಲ್ಲ’ ಅಂದುಕೊಂಡು ಪ್ರಾಣಿಗಳು ವಾಪಸ್ ಬರುತ್ತವೆ.

ಆರ್ವೆಲ್ ಇದನ್ನು ಬರೆದದ್ದು 1943ರ ಕೊನೆಯಿಂದ 1944ರ ಶುರುವಿನವರೆಗೆ; ಪುಸ್ತಕ ಬಂದದ್ದು ಆಗಸ್ಟ್ 1945ರಲ್ಲಿ. ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ನನ್ನ ಅಳಿಯನಿಗೆ ಇದು ಗೊತ್ತಿರಲಿಲ್ಲ, ಗೈಡಿನಲ್ಲಿ ಇಲ್ಲ.

ಈಗ ನಮ್ಮ ಕಂಬ. ಮಹಾಕೂಟದಲ್ಲಿ ಒಂದು ಕಂಬ ಇತ್ತು. ‘ಧರ್ಮಜಯಸ್ತಂಭ’ ಅಂತಾರೆ. ಈಗ ಅದು ಇಲ್ಲಿಲ್ಲ, ವಿಜಯಪುರದ ಗೋಲಗುಮ್ಮಟದ ಆವರಣದ ಮ್ಯೂಸಿಯಂನಲ್ಲಿದೆ. ನೆಡಿಸಿದವನು ಬಾದಾಮಿ ಚಾಲುಕ್ಯರ ಮಂಗಳೇಶ, ವರ್ಷ 602. ಆದರೆ ಕಂಬದ ಕಥೆ ಹೇಳೋಕೆ 24 ವರ್ಷ ಹಿಂದಕ್ಕೆ ಹೋಗಬೇಕು. ಬಾದಾಮಿಯ ಮೂರನೇ ಗುಹೆಗೆ.

ಮೂರನೇ ಗುಹೆ ನೀವು ನೋಡಿರ್ತೀರಿ. ಸ್ಕೂಲ್ ಟ್ರಿಪ್ಪಿಗೆ ಹೋದವರೆಲ್ಲ ಅಲ್ಲಿ ಫೋಟೋ ತೆಗೆಸಿಕೊಂಡಿರ್ತಾರೆ. ವಿಷ್ಣು ಹಾವಿನ ಮೇಲೆ ಕಾಲು ಮಡಚಿ ಕೂತಿದ್ದಾನಲ್ಲ, ಅದೇ ಗುಹೆ. ಅಲ್ಲೊಂದು ಶಾಸನ ಇದೆ. ಶಕ ವರ್ಷ 500, ಅಂದರೆ 578. ಆಗ ರಾಜ ಕೀರ್ತಿವರ್ಮ. ಗುಹೆ ಕೊರೆಸಿದವನು ಅವನ ತಮ್ಮ ಮಂಗಳೇಶ. ಶಾಸನದಲ್ಲಿ ಮಂಗಳೇಶ ಹೇಳಿಸಿರೋದು ಏನು ಗೊತ್ತಾ? ಈ ಗುಹೆ ಮಾಡಿಸಿದ ಪುಣ್ಯವೆಲ್ಲ ಅಣ್ಣನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲ ಮಾತ್ರ ನನಗಿರಲಿ ಅಂತ. ಸೂರ್ಯ, ಅಗ್ನಿ, ನೆರೆದ ಜನ ಎಲ್ಲರ ಸಾಕ್ಷಿಯಲ್ಲಿ.

ನನಗೆ ಈ ಸಾಲುಗಳ ಮೇಲೆ ಅನುಮಾನ ಇಲ್ಲ. ಆ ದಿನ ಆ ತಮ್ಮ ಹಾಗೇ ಅಂದುಕೊಂಡಿದ್ದಿರಬಹುದು. ಹಂದಿಗಳೂ ಮೊದಲ ದಿನ ಏಳು ನಿಯಮ ಬರೆದಾಗ ಮೋಸ ಮಾಡಬೇಕು ಅಂತ ಬರೆದವು ಅಂತ ಆರ್ವೆಲ್ ಎಲ್ಲೂ ಹೇಳೋದಿಲ್ಲ. ಗೈಡಿನ ಕೋಷ್ಟಕದಲ್ಲಿ ಸಿಗದ ವಿಷಯ ಇದು. ಕೋಷ್ಟಕ ಹೇಳುತ್ತೆ, ನೆಪೋಲಿಯನ್ ಕೆಟ್ಟವನು ಅಂತ. ಕಥೆ ಹೇಳೋದು ಅವನು ಕೆಟ್ಟವನಾದ ಬಗೆಯನ್ನು.

ಕೀರ್ತಿವರ್ಮ ತೀರಿಕೊಂಡ. ಮಕ್ಕಳು ಸಣ್ಣವರು. ಹಿರಿಯ ಮಗನೇ ಮುಂದೆ ಇಮ್ಮಡಿ ಪುಲಕೇಶಿ ಅಂತ ನಾವು ಕರೆಯೋನು. ಚಿಕ್ಕಪ್ಪ ಪಟ್ಟಕ್ಕೆ ಕೂತ. ಆ ಕಾಲಕ್ಕೆ ಅದರಲ್ಲಿ ತಪ್ಪೇನಿಲ್ಲ. ಕೂಸು ಆಳೋಕೆ ಆಗೋದಿಲ್ಲ, ಗಡಿಯಲ್ಲಿ ಶತ್ರುಗಳು ಇರ್ತಾರೆ. ಮಂಗಳೇಶ ಸಮರ್ಥನೂ ಹೌದು. ಕಳಚುರಿಗಳ ಬುದ್ಧರಾಜನನ್ನು ಸೋಲಿಸಿದ, ಅವನ ಸಂಪತ್ತು ವಶಪಡಿಸಿಕೊಂಡ. ಆ ಸಂಪತ್ತನ್ನು ಇಲ್ಲಿಯ ಮಕುಟೇಶ್ವರ ದೇವರಿಗೆ ಒಪ್ಪಿಸಿ, ಪಟ್ಟಕ್ಕೆ ಬಂದ ಐದನೇ ವರ್ಷ ಈ ಕಂಬ ನೆಡಿಸಿದ.

ಕಂಬದ ಸಂಸ್ಕೃತ ಬರಹ ಓದುವಾಗ ಮಜಾ ಇದೆ. ಮೊದಲು ವಂಶಾವಳಿ: ಜಯಸಿಂಹ, ರಣರಾಗ, ಅಶ್ವಮೇಧ ಮಾಡಿದ ಮೊದಲನೇ ಪುಲಕೇಶಿ. ಆಮೇಲೆ ಅಣ್ಣ ಕೀರ್ತಿವರ್ಮ. ಅವನು ಗೆದ್ದ ನಾಡುಗಳ ಪಟ್ಟಿ ನೋಡಿದರೆ ಅಂಗ, ವಂಗ, ಕಳಿಂಗ, ಮಗಧ, ಕೇರಳ, ಗಂಗ, ಪಾಂಡ್ಯ, ಚೋಳ ಯಾವುದನ್ನೂ ಬಿಟ್ಟಿಲ್ಲ. ಇಷ್ಟನ್ನೂ ಅವನು ಗೆದ್ದಿದ್ದನಾ ಅಂತ ಯಾವ ಇತಿಹಾಸಕಾರನನ್ನು ಕೇಳಿದರೂ ನಗ್ತಾರೆ. ಪ್ರಶಸ್ತಿ ಅನ್ನೋ ಪ್ರಕಾರವೇ ಅಂಥದ್ದು. ನಮ್ಮೂರ ಕಡೆ ನಾಯಕರ ಹುಟ್ಟುಹಬ್ಬದ ಬ್ಯಾನರ್ ಇರ್ತದಲ್ಲ, ಹಾಗೆ. ಕೊನೆಗೆ ಮಂಗಳೇಶ ಬರ್ತಾನೆ. ಗಂಗೆಯ ದಡದಲ್ಲಿ ತನ್ನ ವಿಜಯಸ್ತಂಭ ನೆಡಬೇಕು ಅನ್ನೋದು ಅವನ ಆಸೆಯಂತೆ, ಆದರೆ ಮೊದಲು ಧರ್ಮದ ಕಂಬ ಆಗಲಿ ಅಂತ ಇಲ್ಲಿ ನೆಟ್ಟನಂತೆ. ತಂದೆಯ ರಾಣಿ ದುರ್ಲಭದೇವಿಯ ಒಪ್ಪಿಗೆಯನ್ನೂ ಹೇಳಿಸಿದ್ದಾನೆ. ದೇವರಿಗೆ ಬಿಟ್ಟ ಹತ್ತು ಊರುಗಳ ಪಟ್ಟಿಯಲ್ಲಿ ಪಟ್ಟದಕಲ್ಲು ಇದೆ, ಐಹೊಳೆ ಇದೆ.

ಒಂದು ಮಾತು ಮಾತ್ರ ಇಲ್ಲ. ‘ಅಣ್ಣನ ಮಗ ದೊಡ್ಡವನಾಗುವ ತನಕ ನಾನು’ ಅನ್ನೋ ಮಾತು.

ಗುಹೆಯಲ್ಲಿ ‘ಪುಣ್ಯ ಅಣ್ಣನಿಗೆ’ ಅಂದವನು, ಕಂಬದಲ್ಲಿ ಅಣ್ಣನನ್ನು ಹೊಗಳಿ ಮುಗಿಸಿ ತನ್ನ ಹತ್ತಿರ ಬಂದು ನಿಂತುಬಿಟ್ಟ. ಸುಳ್ಳು ಹೇಳಲಿಲ್ಲ ನೋಡಿ. ಸುಮ್ಮನೆ ಒಂದನ್ನು ಬಿಟ್ಟ. ಹಂದಿಗಳ ಗೋಡೆಯಲ್ಲಿ ಪದ ಸೇರುತ್ತೆ. ಇಲ್ಲಿ ಪದ ಬರಲೇ ಇಲ್ಲ.

ಅಲ್ಲಿಂದ ಐಹೊಳೆಗೆ ಹೋಗೋಣ. ಮೇಗುತಿ ಗುಡ್ಡದ ಮೇಲಿನ ಜೈನ ಬಸದಿ. ಅಲ್ಲಿನ ಶಾಸನ 634-35ನೇ ಇಸವಿಯದ್ದು, ಬರೆದವನು ಕವಿ ರವಿಕೀರ್ತಿ. ತಾನು ಕಾಳಿದಾಸ, ಭಾರವಿಗೆ ಸಮ ಅಂತ ತಾನೇ ಹೇಳಿಕೊಂಡವನು. ಸ್ಕೂಲಿನಲ್ಲಿ ಈ ಶಾಸನ ನಮಗೆ ಕಲಿಸೋದು ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ಅನ್ನೋದಕ್ಕೆ ಮಾತ್ರ. ಆದರೆ ಅದಕ್ಕಿಂತ ಮೊದಲ ಭಾಗ ಮನೆಯೊಳಗಿನ ಜಗಳ. ಪುಲಕೇಶಿಯನ್ನು ರಾಜ್ಯಲಕ್ಷ್ಮಿಯೇ ಬಯಸಿದಳು, ಚಿಕ್ಕಪ್ಪನಿಗೆ ಅದು ಸಹಿಸಲಿಲ್ಲ, ಹುಡುಗ ಊರು ಬಿಟ್ಟು ಅಲೆಯೋಕೆ ಹೋದ, ಅಲ್ಲಿ ಬಲ ಕೂಡಿಸಿಕೊಂಡ. ತನ್ನ ಮಗನಿಗೆ ಪಟ್ಟ ಕಟ್ಟಬೇಕು ಅಂತ ಹೊರಟ ಮಂಗಳೇಶ ಆ ಪ್ರಯತ್ನವನ್ನೂ, ರಾಜ್ಯವನ್ನೂ, ಜೀವವನ್ನೂ ಒಟ್ಟಿಗೇ ಕಳಕೊಂಡ. ಇದು ರವಿಕೀರ್ತಿಯ ವರದಿ.

ಈಗ ರವಿಕೀರ್ತಿಯ ಕೈಚಳಕ ನೋಡಿ. ಪುಲಕೇಶಿ ಚಿಕ್ಕಪ್ಪನನ್ನು ಕೊಂದ ಅಂತ ನೇರವಾಗಿ ಬರೆಯೋದಿಲ್ಲ. ಚಿಕ್ಕಪ್ಪ ‘ಕಳಕೊಂಡ’. ಕ್ರಿಯಾಪದದ ಕರ್ತೃವೇ ಬದಲು. ‘ಅನಿಮಲ್ ಫಾರ್ಮ್’ನಲ್ಲಿ ಸ್ಕ್ವೀಲರ್ ಅನ್ನೋ ಹಂದಿ ಇದೆ, ಕಪ್ಪನ್ನು ಬಿಳಿ ಮಾಡಿ ಹೇಳೋದೇ ಅದರ ಕೆಲಸ. ಅಲ್ಲಿ ಊಟದ ಪಾಲು ‘ಕಡಿಮೆ’ ಆಗೋದಿಲ್ಲ, ‘ಹೊಂದಾಣಿಕೆ’ ಆಗುತ್ತೆ. ರವಿಕೀರ್ತಿಯನ್ನು ಸ್ಕ್ವೀಲರ್ ಅನ್ನೋದು ಅನ್ಯಾಯ, ಅವನು ದೊಡ್ಡ ಕವಿ. ಅದೇ ಶಾಸನದಲ್ಲಿ, ಮಂಗಳೇಶನ ಛತ್ರ ಮುರಿದಾಗ ಲೋಕಕ್ಕೆ ಶತ್ರುಗಳ ಕತ್ತಲೆ ಕವಿಯಿತು ಅಂತಲೂ ಬರೆದ. ಅಂದರೆ ಆಂತರಿಕ ಯುದ್ಧಕ್ಕೆ ನಾಡು ಬೆಲೆ ಕೊಟ್ಟಿತು ಅಂತ ಒಪ್ಪಿಕೊಂಡ. ಕವಿತೆಯೊಳಗೆ ಹೇಗೋ ಒಂದು ಕಿಟಕಿ ತೆರೆದಿಟ್ಟ. ಆದರೆ ಅನ್ನದ ಋಣ ಪುಲಕೇಶಿಯದು. ಬಸದಿ ಕಟ್ಟಿಸೋಕೆ ಆಶ್ರಯ ಕೊಟ್ಟವನೂ ಅವನೇ.

ಈ ಜಗಳಕ್ಕೆ ಇನ್ನೊಂದು ಸಾಕ್ಷಿ ಆಂಧ್ರದ ಅನಂತಪುರ ಜಿಲ್ಲೆಯ ಪೆದ್ದವಡಗೂರಿನ ಶಾಸನ. ರಣವಿಕ್ರಮನನ್ನು ಗೆದ್ದ ಮೇಲೆ ಪುಲಕೇಶಿ ಕೊಟ್ಟ ದಾನ ಅದು. ರಣವಿಕ್ರಮ ಅನ್ನೋದು ಮಂಗಳೇಶನ ಬಿರುದು. 610ರ ಹೊತ್ತಿಗೆ ಎಲ್ಲ ಮುಗಿದಿತ್ತು.

ಇಲ್ಲಿ ಒಂದು ನಿಮಿಷ. ನಾನೇನು ಸಾಧು ಅಲ್ಲ, ನನ್ನದೂ ಒಂದು ಹೇಳಿಬಿಡ್ತೀನಿ.

ನನಗೆ 19 ವರ್ಷ ಇದ್ದಾಗ ನಮ್ಮ ಓಣಿಯ ಹುಡುಗರು ಸೇರಿ ಗಣಪತಿ ಕೂಡಿಸೋಕೆ ಶುರು ಮಾಡಿದ್ವಿ. ಶುರು ಮಾಡಿದ್ದು ಅಂದರೆ, ಖರೇ ಹೇಳಬೇಕಂದ್ರೆ, ಒಬ್ಬ ಗೆಳೆಯ. ಹಿರಿಯರ ಕೈಯಲ್ಲಿದ್ದ ಪಟ್ಟಿ ಹಣದ ಲೆಕ್ಕ ಯಾರೂ ಕೇಳ್ತಿರಲಿಲ್ಲ, ಅವನು ಕೇಳಿದ. ದೊಡ್ಡ ಜಗಳ ಆಯ್ತು, ಹಿರಿಯರು ಬಿಟ್ಟುಕೊಟ್ಟರು, ಲೆಕ್ಕ ಎಲ್ಲರ ಮುಂದೆ ಓದಬೇಕು ಅಂತ ನಾವೇ ನಿಯಮ ಮಾಡಿದ್ವಿ. ಮೂರನೇ ವರ್ಷಕ್ಕೆ ಆ ಗೆಳೆಯ ನನ್ನನ್ನೇ ಲೆಕ್ಕ ಕೇಳಿದ. ನಾನು ಕದ್ದಿರಲಿಲ್ಲ. ಆದರೆ ಬರೆದಿಟ್ಟಿರಲಿಲ್ಲ, ಕೇಳಿದ್ದು ಚುಚ್ಚಿತು. ಆ ವರ್ಷದ ಫ್ಲೆಕ್ಸ್ ಮಾಡಿಸೋಕೆ ಹೋದವನು ನಾನೇ. ಸಾಲಾಗಿ ಹನ್ನೊಂದು ಫೋಟೋ ಇರಬೇಕಿತ್ತು, ಹತ್ತು ಕೊಟ್ಟೆ. ಡಿಸೈನ್ ಮಾಡೋ ಹುಡುಗ ‘ಒಂದು ಕಡಿಮೆ ಐತಲ್ರಿ’ ಅಂದ. ‘ಜಾಗ ಸಾಲಂಗಿಲ್ಲ’ ಅಂದೆ. ಅಷ್ಟೇ. ಮುಂದಿನ ವರ್ಷ ಸೇರಿದ ಹೊಸ ಹುಡುಗರಿಗೆ ಅವನು ಯಾರು ಅಂತಲೇ ಗೊತ್ತಿರಲಿಲ್ಲ. ಅವರ ದೃಷ್ಟಿಯಲ್ಲಿ ಮಂಡಳಿ ಕಟ್ಟಿದವನು ನಾನು.

ಸ್ನೋಬಾಲ್‌ಗೆ ಆದದ್ದೂ ಇದೇ. ಕೊಟ್ಟಿಗೆ ಹತ್ತಿರದ ಯುದ್ಧದಲ್ಲಿ ಗುಂಡು ತಗುಲಿ ರಕ್ತ ಸುರಿಸಿದ, ಪದಕ ಸಿಕ್ಕಿತು. ಅವನನ್ನು ಓಡಿಸಿದ ಮೇಲೆ, ಅವನ ಶೌರ್ಯ ಅಷ್ಟೇನಿರಲಿಲ್ಲ ಅಂದರು. ಆಮೇಲೆ ಅವನು ಶತ್ರುವಿನ ಕಡೆಯವನೇ ಅಂದರು. ಕೊನೆಗೆ ಪದಕ ಕೊಟ್ಟೇ ಇರಲಿಲ್ಲ ಅಂದರು. ಬಾಕ್ಸರ್ ಕುದುರೆ ಮಾತ್ರ ‘ಇಲ್ಲ, ನಾನು ನೋಡಿದ್ದೆ’ ಅನ್ನುತ್ತೆ, ಆಮೇಲೆ ನಾಯಕ ಹೇಳಿದ್ದರೆ ಸರಿಯೇ ಇರಬೇಕು ಅಂತ ತಲೆ ತಗ್ಗಿಸುತ್ತೆ. ಈ ಭಾಗ ಮೊದಲ ಸಲ ಓದಿದಾಗ ನನಗೆ ಸ್ಟಾಲಿನ್ ನೆನಪಾಗಲಿಲ್ಲ. ಫ್ಲೆಕ್ಸ್ ಅಂಗಡಿ ನೆನಪಾಯಿತು.

ಸರಿ, ಮಂಗಳೇಶನಿಗೆ ಬರೋಣ. ಪುಲಕೇಶಿಯ ನಂತರದವರ ತಾಮ್ರಪಟಗಳ ವಂಶಾವಳಿಯಲ್ಲಿ ಅವನ ಹೆಸರೇ ಇಲ್ಲ. ಮೊದಲನೇ ಪುಲಕೇಶಿ, ಕೀರ್ತಿವರ್ಮ, ಇಮ್ಮಡಿ ಪುಲಕೇಶಿ. ನಡುವಿನವನು ಫ್ಲೆಕ್ಸಿನಿಂದ ಹೊರಗೆ. ಇಷ್ಟಕ್ಕೇ ಮುಗಿದಿದ್ದರೆ ಮಾಮೂಲಿ ಕಥೆ. ಆದರೆ ನಾಲ್ಕು ನೂರು ವರ್ಷದ ನಂತರ ಅವನು ವಾಪಸ್ ಬರ್ತಾನೆ!

1009ರಲ್ಲಿ, ಕಲ್ಯಾಣ ಚಾಲುಕ್ಯರ ಐದನೇ ವಿಕ್ರಮಾದಿತ್ಯನ ಕೌಠೇಂ ತಾಮ್ರಪಟ. ಇವರು ಬಾದಾಮಿ ಚಾಲುಕ್ಯರ ವಂಶದವರೇ ನಾವು ಅಂತ ಹೇಳಿಕೊಳ್ಳೋರು, ಹಾಗಾಗಿ ಮನೆತನದ ಮರ್ಯಾದೆ ಚೊಕ್ಕವಾಗಿರಬೇಕು. ಅದರಲ್ಲಿ ಏನಿದೆ ಅಂದರೆ, ಅಣ್ಣನ ಮಗ ಚಿಕ್ಕವನು ಅಂತ ಮಂಗಳೇಶ ರಾಜ್ಯಭಾರ ಹೊತ್ತ, ಹುಡುಗ ದೊಡ್ಡವನಾದ ಮೇಲೆ ರಾಜ್ಯವನ್ನು ಅವನಿಗೆ ವಾಪಸ್ ಒಪ್ಪಿಸಿದ, ಚಾಲುಕ್ಯ ವಂಶದಲ್ಲಿ ಹುಟ್ಟಿದವರು ಧರ್ಮದ ದಾರಿ ಬಿಡೋದುಂಟೇ ಅನ್ನೋ ಧಾಟಿ.

ಓದಿ ನಾನು ಜೋರಾಗಿ ನಕ್ಕಿದ್ದೆ. ಯುದ್ಧ ಇಲ್ಲ, ವನವಾಸ ಇಲ್ಲ, ಸಾವು ಇಲ್ಲ. ನೋಡಿ ಹೇಗಿದೆ: 578ರಲ್ಲಿ ಅಣ್ಣನ ಸೇವಕ, 602ರಲ್ಲಿ ಗಂಗೆಯ ದಡದ ಕನಸಿನ ಚಕ್ರವರ್ತಿ, 634ರಲ್ಲಿ ಹೊಟ್ಟೆಕಿಚ್ಚಿನ ಚಿಕ್ಕಪ್ಪ, ಆಮೇಲೆ ಇಲ್ಲವೇ ಇಲ್ಲ, 1009ರಲ್ಲಿ ಆದರ್ಶ ಪುರುಷ. ಒಬ್ಬನೇ ಮನುಷ್ಯ. ಆರ್ವೆಲ್‌ನ ಗೋಡೆ ಇಂಗ್ಲೆಂಡಿನ ಒಂದೇ ಕೊಟ್ಟಿಗೆಯಲ್ಲಿದೆ, ನಮ್ಮ ಗೋಡೆ ಬಾದಾಮಿಯಿಂದ ಕಲ್ಯಾಣದವರೆಗೆ ಹಬ್ಬಿದೆ.

ಅಳಿಯ ಇಷ್ಟು ಕೇಳಿ, “ಹಂಗಾರ ಖರೇ ಯಾವುದು ಮಾಮಾ?” ಅಂದ.

ಬಹುಪಾಲು ಇತಿಹಾಸಕಾರರು ರವಿಕೀರ್ತಿಯನ್ನೇ ಹೆಚ್ಚು ನಂಬ್ತಾರೆ. ಘಟನೆಗೆ ಹತ್ತಿರದವನು, ಪೆದ್ದವಡಗೂರಿನ ಸಾಕ್ಷಿಯೂ ಅವನ ಕಡೆ. ಆದರೆ ಸೋತವನ ಬಾಯಿಂದ ಒಂದು ಮಾತೂ ನಮಗೆ ಉಳಿದಿಲ್ಲ. ಅವನ ಮಗನ ಬಾಯಿಂದಲೂ ಇಲ್ಲ. ನಿಜ ಹೇಳೋಕೆ ಕಲ್ಲಿಗೆ ಆಗದ ಜಾಗ ಒಂದಿದೆ, ಕಟ್ಟುಕಥೆ ಹುಟ್ಟೋದು ಅಲ್ಲೇ ಅಂತ ನನ್ನ ನಂಬಿಕೆ. ಇದಕ್ಕೆ ನಮ್ಮಲ್ಲೇ ಒಂದು ಅದ್ಭುತ ಉದಾಹರಣೆ ಇದೆ.

ಐದನೇ ವಿಕ್ರಮಾದಿತ್ಯನ ನಂತರ, ಅದೇ ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿ, ಅವನ ತಮ್ಮ ಜಯಸಿಂಹನ ಕಾಲಕ್ಕೆ ದುರ್ಗಸಿಂಹ ಅಂತ ಒಬ್ಬ ಸಂಧಿವಿಗ್ರಹಿ ಇದ್ದ. ಸಂಧಿವಿಗ್ರಹಿ ಅಂದರೆ ಯುದ್ಧ, ಒಪ್ಪಂದಗಳ ಖಾತೆಯ ಮಂತ್ರಿ. ಕಿಸುಕಾಡು ನಾಡಿನ ಸಯ್ಯಡಿ ಅಗ್ರಹಾರದವನು. ಕಿಸುಕಾಡು ಅಂದರೆ ಇದೇ ಪಟ್ಟದಕಲ್ಲಿನ ಸುತ್ತಲ ಸೀಮೆ. ಅಂದರೆ ನಮ್ಮ ಕಡೆಯವನೇ! ಅವನು 1031ರ ಹೊತ್ತಿಗೆ ಕನ್ನಡದಲ್ಲಿ ‘ಪಂಚತಂತ್ರ’ ಬರೆದ. ಕನ್ನಡದ ಮೊದಲ ಪಂಚತಂತ್ರ ಅದು. ಅದನ್ನು ನಾವು ಮಕ್ಕಳ ಕಥೆ ಅಂತ ಬದಿಗಿಟ್ಟಿದ್ದೇವೆ. ದರಬಾರಿನ ಒಳಗೆ ಕೂತು ತಾಮ್ರಪಟಗಳ ಭಾಷೆ ದಿನಾ ನೋಡುತ್ತಿದ್ದ ಮಂತ್ರಿಯೊಬ್ಬ ಯಾಕೆ ಸಿಂಹ, ಎತ್ತು, ನರಿಗಳ ಕಥೆ ಹೇಳೋಕೆ ಕೂತ ಅಂತ ಯೋಚಿಸಿ. ಮೊದಲ ಕಥೆಯಲ್ಲಿ ಸಿಂಹಕ್ಕೂ ಎತ್ತಿಗೂ ಗಾಢ ಸ್ನೇಹ. ನರಿ ಸಿಂಹದ ಹತ್ತಿರ ಹೋಗಿ, ಎತ್ತು ನಿನ್ನ ಪಟ್ಟಕ್ಕೆ ಕಣ್ಣು ಹಾಕಿದೆ ಅನ್ನುತ್ತೆ. ಎತ್ತಿನ ಹತ್ತಿರ ಹೋಗಿ, ಸಿಂಹ ನಿನ್ನನ್ನು ತಿನ್ನಬೇಕು ಅಂತಿದೆ ಅನ್ನುತ್ತೆ. ಕೊನೆಗೆ ಸಿಂಹ ಎತ್ತನ್ನು ಕೊಲ್ಲುತ್ತೆ. ನರಿಗೆ ಹಲ್ಲೂ ಬೇಕಾಗಲಿಲ್ಲ, ಉಗುರೂ ಬೇಕಾಗಲಿಲ್ಲ. ಬರೀ ಮಾತು. ಸ್ಕ್ವೀಲರ್ ಅನ್ನೋ ಹಂದಿಗೆ ಪೂರ್ವಿಕರು ಇದ್ದರೆ ಅವರು ಈ ನರಿಗಳೇ.

ಪ್ರಾಣಿಗಳೇ ಯಾಕೆ? ರಾಜನ ಹೆಸರು ಹೇಳದೆ ಪಾರಾಗಬಹುದು ಅನ್ನೋದು ಒಂದು ಉತ್ತರ. ನಮ್ಮ ಕಾವ್ಯಶಾಸ್ತ್ರದಲ್ಲಿ ಇದನ್ನು ಅನ್ಯೋಕ್ತಿ ಅಂತಾರೆ: ಒಂದರ ಮೇಲಿಟ್ಟು ಇನ್ನೊಂದನ್ನು ಹೇಳೋದು. ಆದರೆ ನನಗೆ ಇನ್ನೊಂದು ಉತ್ತರ ಹೆಚ್ಚು ಇಷ್ಟ. ಪ್ರಶಸ್ತಿಯಲ್ಲಿ ಓದುಗನಿಗೆ ರಾಜನಿಗಿಂತ ಕಡಿಮೆ ಗೊತ್ತಿರುತ್ತೆ. ಇಂಥ ಕಥೆಯಲ್ಲಿ ಓದುಗನಿಗೆ ಪಾತ್ರಗಳಿಗಿಂತ ಹೆಚ್ಚು ಗೊತ್ತಿರುತ್ತೆ. ಎತ್ತಿಗೆ ಗೊತ್ತಿಲ್ಲ, ನಮಗೆ ಗೊತ್ತು. ಒಂದು ರಾತ್ರಿ ಗೋಡೆ ಬುಡದಲ್ಲಿ ಏಣಿ ಮುರಿದು ಬಿದ್ದಿರುತ್ತೆ, ಪಕ್ಕದಲ್ಲಿ ಸ್ಕ್ವೀಲರ್ ಬಿದ್ದಿರುತ್ತೆ, ಬಿಳಿ ಬಣ್ಣದ ಡಬ್ಬಿ ಉರುಳಿರುತ್ತೆ. ಪ್ರಾಣಿಗಳಿಗೆ ಅರ್ಥ ಆಗೋದಿಲ್ಲ. ಆರ್ವೆಲ್ ಕೂಡ ವಿವರಿಸೋದಿಲ್ಲ. ಸುದ್ದಿ ಓದುವವರ ಹಾಗೆ ತಣ್ಣಗೆ ಹೇಳಿ ಮುಂದೆ ಹೋಗ್ತಾನೆ. ನಾವು ಪುಸ್ತಕದೊಳಕ್ಕೆ ಕೂಗಬೇಕು ಅನ್ನಿಸುತ್ತೆ: ‘ಲೇ, ಡಬ್ಬಿ ನೋಡ್ರಲೇ!’ ಆ ಸಂಕಟ ಯಾವ ಕಂಬವೂ ಕೊಡೋದಿಲ್ಲ.

ಅಲ್ಲೊಂದು ಕತ್ತೆಯೂ ಇದೆ, ಬೆಂಜಮಿನ್. ಹಂದಿಗಳಷ್ಟೇ ಚೆನ್ನಾಗಿ ಓದೋಕೆ ಬರುತ್ತೆ. ಆದರೆ ಓದೋದಿಲ್ಲ, ಓದುವಂಥದ್ದು ಏನಿದೆ ಅನ್ನುತ್ತೆ. ಕೊನೆಗೆ ಗೆಳೆಯ ಬಾಕ್ಸರನ್ನು ಕಟುಕನ ಗಾಡಿಯಲ್ಲಿ ಹೊತ್ತೊಯ್ಯುವಾಗ ಗಾಡಿ ಮೇಲಿನ ಅಕ್ಷರ ಓದಿ ಕಿರುಚುತ್ತೆ. ಅಷ್ಟೊತ್ತಿಗೆ ತಡವಾಗಿರುತ್ತೆ. ಗೈಡಿನ ಕೋಷ್ಟಕದಲ್ಲಿ ಕತ್ತೆ ಎದುರಿಗೆ ‘ಬುದ್ಧಿಜೀವಿಗಳು’ ಅಂತ ಬರೆದಿತ್ತು. ಅಳಿಯ ನನ್ನ ಮುಖ ನೋಡಿದ. ಪಾಡ್‌ಕಾಸ್ಟ್ ಮಾಡೋರೂ ಅದರಲ್ಲಿ ಬರ್ತಾರೋ ಏನೋ.

ಈಗ ಒಂದು ಆಕ್ಷೇಪಣೆ ನೀವು ಕಮೆಂಟಿನಲ್ಲಿ ಹಾಕೋ ಮೊದಲೇ ನಾನೇ ಹಾಕ್ತೀನಿ. ಮಂಗಳೇಶನದು ಮನೆಯೊಳಗಿನ ಪಟ್ಟದ ಜಗಳ, ಕ್ರಾಂತಿ ಅಲ್ಲ. ನಿಜ. ಕ್ರಾಂತಿಯ ಕಥೆ ಬೇಕಂದ್ರೆ ಇದೇ ಮಲಪ್ರಭೆಯನ್ನು ಹಿಡಿದು ಕೆಳಗೆ ಹೋಗಬೇಕು. ಪಟ್ಟದಕಲ್ಲು, ಐಹೊಳೆ ದಾಟಿ ಹುನಗುಂದ ತಾಲೂಕಿನಲ್ಲಿ ಅದು ಕೃಷ್ಣೆಯನ್ನು ಸೇರುತ್ತೆ. ಕೂಡಲಸಂಗಮ. ಬಸವಣ್ಣ ಬೆಳೆದ ಜಾಗ, ಕಲ್ಯಾಣದಿಂದ ಕೊನೆಗೆ ಮರಳಿದ ಜಾಗ ಅಂತ ಪರಂಪರೆ ಹೇಳುತ್ತೆ.

ಕಲ್ಯಾಣದಲ್ಲಿ ಬಸವಣ್ಣ ಭಂಡಾರಿ, ರಾಜ ಬಿಜ್ಜಳ. ಬಿಜ್ಜಳನ ಹಿನ್ನೆಲೆ ಸ್ವಲ್ಪ ಗಮನಿಸಿ. ಅವನು ಕಳಚುರಿ, ಚಾಲುಕ್ಯರ ಕೈಕೆಳಗಿನ ಮಹಾಮಂಡಳೇಶ್ವರ. ಮೂರನೇ ತೈಲಪನ ಕಾಲಕ್ಕೆ ಒಡೆಯ ದುರ್ಬಲನಾದ, ಸಾಮಂತ ಬಲಿತ, 1162ರ ಹೊತ್ತಿಗೆ ಸಿಂಹಾಸನ ಅವನದಾಯಿತು. ಯಾವ ವಂಶ ‘ನಮ್ಮವರು ಧರ್ಮದ ದಾರಿ ಬಿಡೋದುಂಟೇ’ ಅಂತ ತಾಮ್ರದಲ್ಲಿ ಕೊರೆಸಿತ್ತೋ, ಆ ವಂಶದ ಪಟ್ಟ ಹೋದದ್ದು ಮನೆಯ ಸೇವಕನ ಕೈಗೆ. ಮಂಗಳೇಶ ಸೋಲಿಸಿದ್ದೂ ಕಳಚುರಿಯನ್ನೇ ಅನ್ನೋದು ನಿಮಗೆ ನೆನಪಿರಲಿ.

ಜಾತಿ ಬಿಟ್ಟು, ಕಾಯಕವನ್ನೇ ಮುಂದಿಟ್ಟು, ಶರಣರು ಕಟ್ಟಿದ ಬದುಕು ಎಷ್ಟು ದೊಡ್ಡದಾಗಿತ್ತು ಅಂತ ನಾನು ಇಲ್ಲಿ ಹೇಳೋದು ಬೇಡ, ನಿಮಗೆ ಗೊತ್ತು. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಮದುವೆ. ಸಮಗಾರರ ಹುಡುಗ, ಬ್ರಾಹ್ಮಣ ಹುಡುಗಿ. ತಂದೆಗಳಿಬ್ಬರಿಗೂ ಎಳೆಹೂಟೆ ಶಿಕ್ಷೆ. ಬಿಜ್ಜಳನ ಕೊಲೆ. ಶರಣರ ಬೇಟೆ. ಇದೆಲ್ಲ 1167-68ರ ಸುಮಾರಿಗೆ.

ಗಿರೀಶ ಕಾರ್ನಾಡರು ಇದನ್ನೇ ‘ತಲೆದಂಡ’ ನಾಟಕ ಮಾಡಿದರು. ಲಂಕೇಶರ ‘ಸಂಕ್ರಾಂತಿ’ ಅದಕ್ಕಿಂತ ಮೊದಲಿನದು, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ವೂ ಮೊದಲಿನದೇ. ಒಂದೇ ಘಟನೆಗೆ ಮೂವರು ಮತ್ತೆ ಮತ್ತೆ ಹೋದರು ಅಂದರೆ ಅಲ್ಲೇನೋ ಆರದ ಗಾಯ ಇದೆ. ಕಾರ್ನಾಡರು ಬರೆದದ್ದು 1989ರಲ್ಲಿ. ಮಂದಿರ ಮತ್ತು ಮಂಡಲದ ಚಳವಳಿಗಳು ಎದ್ದ ಕಾಲ ಅದು, ಆ ಹಿನ್ನೆಲೆಯಲ್ಲೇ ಬರೆದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಹಾಗಾದರೆ ಇದೂ ಅನ್ಯೋಕ್ತಿಯೇ. 12ನೇ ಶತಮಾನದ ಬಟ್ಟೆ ತೊಟ್ಟ ನಮ್ಮ ಕಾಲದ ಕಥೆ.

ಆದರೆ ‘ತಲೆದಂಡ’ಕ್ಕೆ ಕೋಷ್ಟಕ ಬರೆಯೋಕೆ ಹೋಗಿ, ಸೋಲ್ತೀರಿ. ಬಿಜ್ಜಳ ಅಂದರೆ ಯಾರು? ಅಧಿಕಾರ ಕಸಿದವನು ಹೌದು, ಆದರೆ ನಾಟಕದಲ್ಲಿ ತನ್ನ ಕುಲದ ಬಗ್ಗೆ ಜನ ಆಡುವ ಮಾತಿನ ಗಾಯ ಹೊತ್ತವನು, ಬಸವಣ್ಣನನ್ನು ಪ್ರೀತಿಸುವವನು. ಅವನನ್ನು ಬಂದಿ ಮಾಡೋದು ಅವನ ಮಗ ಸೋವಿದೇವ. ಮತ್ತೆ ಜಗದೇವ ಅನ್ನೋ ಯುವಕ. ಬ್ರಾಹ್ಮಣ ಮನೆ ಬಿಟ್ಟು ಶರಣನಾದವನು. ಶುರುವಿನಲ್ಲೇ, ಮನೆಯಲ್ಲಿ ಅಪ್ಪ ಸಾಯ್ತಾ ಇರುವಾಗ ಇವನು ಭಂಡಾರದ ಮುಂದಿನ ಜನರ ಗುಂಪಿನಲ್ಲಿ ಇದ್ದ. ಆಂದೋಲನಕ್ಕೆ ಇಷ್ಟು ಕೊಟ್ಟವನು, ಕೊನೆಗೆ ಕತ್ತ ಹಿಡಿದು ಬಿಜ್ಜಳನನ್ನು ಕೊಲ್ಲುತ್ತಾನೆ. ಹಿಂಸೆ ಬೇಡ ಅಂದ ಬಸವಣ್ಣನ ಮಾತು ಅವನ ಕಿವಿಗೆ ಬಿದ್ದೇ ಇಲ್ಲ ಅನ್ನೋ ಹಾಗೆ. ಆ ಕೊಲೆಯೇ ಶರಣರ ಬೇಟೆಗೆ ನೆಪ ಆಗುತ್ತೆ. ಆರ್ವೆಲ್‌ನ ಕಥೆಯಲ್ಲಿ ಕ್ರಾಂತಿ ಕೆಡೋದು ಮೇಲೆ ಕೂತವರಿಂದ. ಕಾರ್ನಾಡರ ನಾಟಕದಲ್ಲಿ ಕೆಳಗಿನ ನಿಷ್ಠಾವಂತನ ಕೈಯಲ್ಲೂ ಕೆಡುತ್ತೆ. ನನ್ನ ಲೆಕ್ಕದಲ್ಲಿ ಈ ಒಂದು ವಿಷಯದಲ್ಲಿ ಕಾರ್ನಾಡರು ಆರ್ವೆಲ್‌ಗಿಂತ ಮುಂದೆ ಹೋದರು. ನೀವು ಒಪ್ಪದಿರಬಹುದು.

ನಾಟಕದ ಕೊನೆಗೆ ಸೋವಿದೇವನ ಪಟ್ಟಾಭಿಷೇಕ. ಮಂತ್ರ ಒಂದು ಕಡೆ, ಓಡುವ ಶರಣರ ಕೂಗು ಇನ್ನೊಂದು ಕಡೆ, ನಡುವೆ ಹೊಸ ರಾಜನ ಆಜ್ಞೆ: ಯಾರು ಎಲ್ಲಿರಬೇಕು, ಯಾರು ಬಾಯಿ ಮುಚ್ಚಬೇಕು ಅಂತ. ಗೋಡೆಗೆ ಮತ್ತೆ ಬಿಳಿ ಬಣ್ಣ.

ಒಂದು ಸಂಗತಿ ಮಾತ್ರ ನನಗೆ ಯಾವಾಗಲೂ ಕಾಡುತ್ತೆ. ಬಸವಣ್ಣನನ್ನು ಹೆಸರಿಸುವ ಹೆಸರಾಂತ ಶಾಸನ ಅರ್ಜುನವಾಡದ್ದು, ಅದು 1260ರದ್ದು. ಅಷ್ಟೊತ್ತಿಗೆ ಕಲ್ಯಾಣ ಸುಟ್ಟು ತೊಂಬತ್ತು ವರ್ಷ ದಾಟಿತ್ತು. ಶರಣರ ಮಾತು ಉಳಿದದ್ದು ತಾಡೋಲೆಯಲ್ಲಿ, ಮಠ ಮನೆಗಳ ಗಂಟುಗಳಲ್ಲಿ. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಆ ಓಲೆಗಳನ್ನು ಹುಡುಕಿ ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಮಂಗಳೇಶನ ಕಂಬವೂ ಈಗ ಅದೇ ಊರಿನಲ್ಲಿದೆ.

ಮಹಾಕೂಟದಿಂದ ಹೊರಡುವಾಗ ಅಳಿಯನಿಗೆ ಇಲ್ಲಿನ ಇನ್ನೊಂದು ಶಾಸನದ ಕಥೆ ಹೇಳಿದೆ. ಇದು ಕನ್ನಡದ್ದು, ಕಂಬಕ್ಕಿಂತ ಸುಮಾರು ನೂರು ವರ್ಷ ಆಮೇಲಿನದು. ವಿಜಯಾದಿತ್ಯ ರಾಜನ ಪ್ರಾಣವಲ್ಲಭೆ ವಿನಾಪೋಟಿ ಕೊಟ್ಟ ದಾನದ್ದು. ದೇವರಿಗೆ ಮಾಣಿಕ್ಯ, ಬೆಳ್ಳಿಯ ಕೊಡೆ, ಒಂದಿಷ್ಟು ಹೊಲ. ಅದರಲ್ಲಿ ಯಾರು ಯಾರನ್ನೂ ಗೆಲ್ಲೋದಿಲ್ಲ. ಅವನು ಪೂರ್ತಿ ಕೇಳಿ, “ಇದು ಪರೀಕ್ಷಾಕ್ಕ ಬರಂಗಿಲ್ಲ ಬಿಡು ಮಾಮಾ,” ಅಂದು ನೀರಿಗೆ ಹಾರಿದ. ಆ ಧಬ್ ಸದ್ದೂ ರೆಕಾರ್ಡಿಂಗಿನಲ್ಲಿದೆ. ಗೈಡ್ ನನ್ನ ಕೈಯಲ್ಲಿ ಉಳಿಯಿತು.

ಮತ್ತೆ ಆ ಹನ್ನೊಂದನೇ ಫೋಟೋದ ಗೆಳೆಯ. ಈ ಕಂತು ಮಾಡೋ ಮೊದಲು ಅವನಿಗೆ ಫೋನ್ ಮಾಡಿ, ನಡೆದದ್ದೆಲ್ಲ ಹೇಳ್ತೀನಿ, ನಿನ್ನ ಹೆಸರೂ ಹೇಳಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. “ಹೆಸರು ಬ್ಯಾಡಪಾ,” ಅಂದ, “ಆ ವರ್ಷದ ಲೆಕ್ಕ ಏನಾತು, ಅದನ್ನ ಹೇಳು.”